ಯಾವ ಬೀದಿ, ಯಾವ ತಾರೀಕು?

(ಬಸವನಗುಡಿಯಲ್ಲಿ ಸೇರಿದ್ದ ಹವ್ಯಾಸಿಗಳ ಕೂಟವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕೊಂಚ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹವ್ಯಾಸಕ್ಕೆ ಅಂತ ವೆಬ್‌ಸೈಟ್ ನಡೆಸುವವರ ಒಂದು ದಿನ ಹೇಗಿರುತ್ತದೆ, ಸಂಪಾದಕ ಅನ್ನಿಸಿಕೊಂಡವನು ಕೂತು ಮಾಡುವುದಾದರೂ ಏನು, ಅದನ್ನು ಹೇಳಿ ಎಂದು ಕರೆದಿದ್ದಾರೆ. ನಮ್ಮದು ಬೆಂಗಳೂರಿನ ಹೂಬಿಡುವ ಮರಗಳ ವೆಬ್‌ಸೈಟ್. ಯಾವ ಬೀದಿಯಲ್ಲಿ ಯಾವ ಮರ ಯಾವತ್ತು ಹೂ ಬಿಟ್ಟಿತು ಎನ್ನುವ ದಾಖಲೆ. ಊರಿನ ಬೇರೆ ಬೇರೆ ಕಡೆಯವರು ಫೋಟೋ ತೆಗೆದು, ನಾಲ್ಕು ಮಾತು ಬರೆದು ಕಳಿಸುತ್ತಾರೆ. ನಾವು ಕೆಲವರು ಅದನ್ನು ನೋಡಿ, ವಿಚಾರಿಸಿ, ತಿದ್ದಿ, ಸೇರಿಸುತ್ತೇವೆ. ಸಂಬಳ ಇಲ್ಲ, ಜಾಹೀರಾತು ಇಲ್ಲ. ನನ್ನ ಹೊಟ್ಟೆಪಾಡಿನ ಕೆಲಸ ಬೇರೆ. ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ.

ಮಾರ್ಚ್ ತಿಂಗಳ ಒಂದು ದಿನವನ್ನೇ ತೆಗೆದುಕೊಳ್ಳೋಣ. ನಮಗೆ ಕೈತುಂಬ ಕೆಲಸ ಆಗಲೇ.

ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತರೆ ಬಂದ ಫೋಟೋಗಳೆಲ್ಲ ಗುಲಾಬಿ. ಟಬೂಬಿಯಾ ಹೂ ಬಿಟ್ಟಿದೆ ಅಂತ ಅರ್ಥ. ನೀಲಿ ಆಕಾಶ, ಒಂದೂ ಎಲೆ ಇಲ್ಲದ ಕೊಂಬೆ, ಮೈತುಂಬ ಹೂ. ನೋಡೋಕೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಮೊದಲು ನೋಡುವುದು ಹೂವನ್ನಲ್ಲ, ಫೈಲಿನ ಹೆಸರನ್ನು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋನಿನಲ್ಲಿ ಫೋಟೋ ತೆಗೆದಾಗ ಅದರೊಳಗೇ ತೆಗೆದ ದಿನ, ಗಂಟೆ, ಲೊಕೇಶನ್ ಆನ್ ಇದ್ದರೆ ಜಾಗ, ಎಲ್ಲ ಸೇರಿಕೊಂಡಿರುತ್ತದೆ. ಆ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಈ ವಿವರವೆಲ್ಲ ಉದುರಿಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಉಳಿಯುವುದು ಒಂದು ಹೆಸರು: ಐಎಂಜಿ, ಆಮೇಲೆ ಒಂದು ತಾರೀಕು, ಆಮೇಲೆ ಡಬ್ಲ್ಯೂಎ, ಕೊನೆಗೆ ಒಂದು ಕ್ರಮಸಂಖ್ಯೆ. ಆ ತಾರೀಕು ನೋಡಿ ಜನ ಅದೇ ಫೋಟೋ ತೆಗೆದ ದಿನ ಅಂದುಕೊಳ್ಳುತ್ತಾರೆ. ಅಲ್ಲ, ಅದು ಫೋಟೋ ಆ ಫೋನಿಗೆ ಬಂದ ದಿನ. ಮೂರು ವರ್ಷದ ಹಿಂದಿನ ಫೋಟೋವನ್ನು ಯಾರೋ ಇವತ್ತು ಫಾರ್ವರ್ಡ್ ಮಾಡಿದರೆ ಅದಕ್ಕೆ ಇವತ್ತಿನ ತಾರೀಕು ಅಂಟಿಕೊಳ್ಳುತ್ತದೆ. ಹಾಗೇ ಸೇರಿಸಿಬಿಟ್ಟರೆ, ಈ ವರ್ಷ ಆ ಬೀದಿಯಲ್ಲಿ ಇನ್ನೂ ಮೊಗ್ಗೂ ಬರದ ಮರ ನಮ್ಮ ದಾಖಲೆಯಲ್ಲಿ ಪೂರ್ತಿ ಅರಳಿ ನಿಂತುಬಿಡುತ್ತದೆ.

ಅದಕ್ಕೇ ಕಳಿಸುವವರಿಗೆಲ್ಲ ಹೇಳುವುದು: ವಾಟ್ಸ್ಆ್ಯಪ್‌ನಲ್ಲೇ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಒತ್ತಿ ಕಳಿಸಿ. ಆಗ ಒಳಗಿನ ವಿವರ ಹಾಗೇ ಉಳಿಯುತ್ತದೆ. ಇಲ್ಲದಿದ್ದರೆ ಕೈಯಲ್ಲೇ ಬರೆದು ಕಳಿಸಿ: ಯಾವ ಬೀದಿ, ಯಾವ ತಾರೀಕು. ನನ್ನ ಬೆಳಗಿನ ಹೊತ್ತೆಲ್ಲ ಈ ಎರಡು ಪ್ರಶ್ನೆ ಕೇಳುವುದರಲ್ಲೇ ಹೋಗುತ್ತದೆ. ಕೆಲವರಿಗೆ ಬೇಜಾರಾಗುತ್ತದೆ. 'ಅಷ್ಟು ಒಳ್ಳೆ ಫೋಟೋ ಕಳಿಸಿದ್ದೀನಿ, ತಾರೀಕು ಯಾಕ್ ಸಾರ್?' ಅಂತಾರೆ.

ತಾರೀಕು ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಎರಡು ಉತ್ತರ ಇವೆ. ಎರಡೂ ದೂರದ ಊರಿನವು.

ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಮರ ಯಾವಾಗ ಅರಳಿತು ಎನ್ನುವ ಲೆಕ್ಕ ಕ್ರಿ.ಶ. 812ರಿಂದ ಸಿಗುತ್ತದೆ. ನಡುವೆ ಎಷ್ಟೋ ವರ್ಷ ಬಿಟ್ಟುಹೋಗಿವೆ, ಆದರೂ ಇಷ್ಟು ಹಳೆಯದು ಇನ್ನೊಂದು ಸಿಗುವುದು ಕಷ್ಟ. ಯಾಸುಯುಕಿ ಆವೊನೊ ಎನ್ನುವ ವಿಜ್ಞಾನಿ ಅದನ್ನು ಕೂಡಿಸಿದ್ದು ಹಳೆಯ ಅರಮನೆ ಮಂದಿಯ, ಸನ್ಯಾಸಿಗಳ ದಿನಚರಿಗಳಿಂದ. ಅವರ್ಯಾರೂ ವಿಜ್ಞಾನಕ್ಕೆ ಅಂತ ಬರೆದವರಲ್ಲ. ಇವತ್ತು ಹೂ ನೋಡಲು ಹೋಗಿದ್ದೆವು, ಚೆನ್ನಾಗಿ ಅರಳಿತ್ತು, ಇಷ್ಟೇ. ಆದರೆ ದಿನಚರಿ ಅಂದಮೇಲೆ ತಾರೀಕು ಇರುತ್ತದಲ್ಲ, ಊರೂ ಗೊತ್ತಿರುತ್ತದೆ. 2021ರಲ್ಲಿ ಕ್ಯೋಟೋದ ಚೆರ್ರಿ ಮಾರ್ಚ್ 26ಕ್ಕೇ ಪೂರ್ತಿ ಅರಳಿದಾಗ, ಸಿಕ್ಕಿರುವ ದಾಖಲೆಯಲ್ಲಿ ಇಷ್ಟು ಬೇಗ ಅರಳಿದ್ದು ಇದೇ ಮೊದಲು ಅಂತ ಹೇಳಲು ಸಾಧ್ಯವಾಗಿದ್ದು ಆ ದಿನಚರಿಗಳಿಂದ.

ಇನ್ನೊಬ್ಬರು ಇಂಗ್ಲೆಂಡಿನ ನಾರ್ಫೋಕ್ ಕಡೆಯ ಜಮೀನುದಾರ, ರಾಬರ್ಟ್ ಮಾರ್ಶಮ್. 1736ರಲ್ಲಿ ತಮ್ಮ ಜಮೀನಿನ ಸುತ್ತ ಓಕ್ ಮರ ಯಾವಾಗ ಚಿಗುರಿತು, ಕಪ್ಪೆ ಯಾವಾಗ ವಟಗುಟ್ಟಿತು, ಕವಲುತೋಕೆ ಹಕ್ಕಿ ಯಾವತ್ತು ಬಂತು, ಇಂಥದ್ದನ್ನೆಲ್ಲ ಬರೆದಿಡಲು ಶುರುಮಾಡಿದರು. ಸುಮ್ನೆ ಆಸಕ್ತಿಗೆ. ಅವರು 1797ರಲ್ಲಿ ತೀರಿಕೊಂಡರು. ಮನೆಯವರು ತಲೆಮಾರಿನಿಂದ ತಲೆಮಾರಿಗೆ ಬರೆಯುತ್ತಲೇ ಹೋದರು, 1958ರ ತನಕ. ಓಕ್ ಮರದ ಚಿಗುರಿಗೂ ಆ ವರ್ಷದ ಚಳಿ ಬಿಸಿಲಿಗೂ ಏನು ಸಂಬಂಧ ಎಂದು ವಿಜ್ಞಾನಿಗಳು 1990ರ ದಶಕದಲ್ಲಿ ಲೆಕ್ಕ ಹಾಕಲು ಕೂತಾಗ ಕೈಗೆ ಸಿಕ್ಕಿದ್ದು ಒಂದು ಮನೆಯ ಈ ಹವ್ಯಾಸ.

ಎರಡೂ ಶುರುವಾಗಿದ್ದು ಫೋಟೋ ಇಲ್ಲದ ಕಾಲದಲ್ಲಿ. ತಾರೀಕು ಮತ್ತು ಜಾಗ, ಎರಡೇ. ಅಷ್ಟರಿಂದಲೇ ಅದು ಉಳಿಯಿತು. ನಮ್ಮ ಕಾಲದಲ್ಲಿ ಫೋಟೋಗೆ ಬರ ಇಲ್ಲ, ಆ ಎರಡಕ್ಕೇ ಬರ.

ನಮ್ಮ ಊರಿಗೆ ಈ ಲೆಕ್ಕ ಬೇರೆ ಊರುಗಳಿಗಿಂತ ಜಾಸ್ತಿ ಬೇಕು ಅಂತ ನಾನು ಹೇಳುತ್ತೇನೆ. ಕಾರಣ ಕೃಂಬಿಗಲ್. ಗುಸ್ತಾವ್ ಹರ್ಮನ್ ಕೃಂಬಿಗಲ್, ಜರ್ಮನಿಯ ಡ್ರೆಸ್ಡೆನ್ ಹತ್ತಿರದ ಊರಿನವರು. ಲಂಡನ್ನಿನ ಕ್ಯೂ ಎನ್ನುವ ಸಸ್ಯತೋಟದಲ್ಲಿ ಕೆಲಸ ಮಾಡಿ, ಬರೋಡಾಕ್ಕೆ ಬಂದು, 1908ರಲ್ಲಿ ಬೆಂಗಳೂರಿಗೆ ಬಂದರು. ಲಾಲ್‌ಬಾಗ್ ಅವರ ಕೈಯಲ್ಲಿ ಬೆಳೆಯಿತು. 1956ರಲ್ಲಿ ತೀರಿಕೊಂಡಿದ್ದೂ ಇದೇ ಊರಿನಲ್ಲಿ. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದಾದರೂ ಬೀದಿಯಲ್ಲಿ ಹೂ ಇರಬೇಕು, ಹಾಗೆ ಸಾಲುಮರ ಆರಿಸಿ ನೆಡಿಸಿದವರು ಅವರು. ಮಡಗಾಸ್ಕರಿನ ಗುಲ್ಮೊಹರ್, ದಕ್ಷಿಣ ಅಮೆರಿಕದ ಜಕರಂಡಾ, ಆಫ್ರಿಕಾದ ನೀರುಕಾಯಿ ಮರ, ನಮ್ಮದೇ ಹೊಳೆದಾಸವಾಳ, ಕಕ್ಕೆ, ಎಲ್ಲ ಒಂದೇ ಊರಿನ ಬೀದಿಗಳಲ್ಲಿ ಸರದಿಯಲ್ಲಿ ಅರಳುತ್ತವೆ.

ಅಂದರೆ ಬೆಂಗಳೂರಿನ ಬೀದಿಗಳಲ್ಲಿ ಒಬ್ಬರು ಕ್ಯಾಲೆಂಡರನ್ನೇ ನೆಟ್ಟು ಹೋಗಿದ್ದಾರೆ. ಆ ಸರದಿ ಈಗಲೂ ಹಾಗೇ ನಡೆಯುತ್ತಿದೆಯಾ? ಮಾರ್ಚ್‌ನದ್ದು ಫೆಬ್ರವರಿಗೆ ಸರಿದಿದೆಯಾ? ಕುಡಿಯುವ ನೀರಿಗೆ ಪರದಾಡಿದ 2024ರ ಬೇಸಿಗೆಯಂಥ ವರ್ಷದಲ್ಲಿ ಏನಾಗುತ್ತದೆ? ಈ ಮರಗಳಲ್ಲಿ ಎಷ್ಟೋ ಒಣಹವೆಯಲ್ಲಿ ಎಲೆ ಉದುರಿಸಿ ಆಮೇಲೆ ಹೂ ಬಿಡುವಂಥವು. ಮಳೆ, ಬಿಸಿಲು, ಎರಡೂ ಅವಕ್ಕೆ ತಾಗುತ್ತವೆ. 'ಈ ಸಲ ಬೇಗ ಅರಳಿತಲ್ವಾ' ಅಂತ ಎಲ್ಲರೂ ಅನ್ನುತ್ತೇವೆ. ಯಾವುದಕ್ಕಿಂತ ಬೇಗ? ಹೋದ ವರ್ಷದ ತಾರೀಕು ಬರೆದಿಟ್ಟವರು ಮಾತ್ರ ಅದನ್ನು ಹೇಳಬಲ್ಲರು.

ದಿನಕ್ಕೆ ವಾಪಸ್ ಬರುತ್ತೇನೆ.

ತಾರೀಕು ಆದಮೇಲೆ ಮರ ಯಾವುದು ಅನ್ನುವ ಪ್ರಶ್ನೆ. ಗುಲಾಬಿ ಬಣ್ಣದ್ದೆಲ್ಲ ಒಂದೇ ಟಬೂಬಿಯಾ ಅಲ್ಲ. ಚಳಿಗಾಲದಲ್ಲೇ, ನವೆಂಬರ್ ಡಿಸೆಂಬರ್ ಹೊತ್ತಿಗೆ ಅರಳುವ ಒಂದಿದೆ. ಅದರ ಬಣ್ಣ ಗಾಢ. ಸಸ್ಯಶಾಸ್ತ್ರದವರು 2007ರಲ್ಲಿ ಅದನ್ನು ಟಬೂಬಿಯಾ ಗುಂಪಿನಿಂದ ತೆಗೆದು ಹ್ಯಾಂಡ್ರೊಆಂಥಸ್ ಅನ್ನುವ ಗುಂಪಿಗೆ ಸೇರಿಸಿದರು. ಬೇಸಿಗೆಯ ಬಾಗಿಲಲ್ಲಿ ಅರಳುವ ತಿಳಿ ಗುಲಾಬಿಯದು ಟಬೂಬಿಯಾ ರೋಸಿಯಾ. ಎರಡನ್ನೂ ಒಂದೇ ಹೆಸರಿನಡಿ ಹಾಕಿದರೆ, ಒಂದೇ ಮರ ನವೆಂಬರಿನಿಂದ ಏಪ್ರಿಲ್ ತನಕ ಹೂ ಬಿಡುತ್ತದೆ ಅಂತ ದಾಖಲೆ ಹೇಳುತ್ತದೆ, ಸುಳ್ಳು ಹೇಳುತ್ತದೆ. ಇದರ ಜೊತೆಗೆ ಏಪ್ರಿಲ್ ಮೇ ಹೊತ್ತಿಗೆ ಗುಲಾಬಿ ಕ್ಯಾಸಿಯಾ ಬೇರೆ ಬರುತ್ತದೆ. ಅದನ್ನೂ ಜನ ಟಬೂಬಿಯಾ ಅಂತಲೇ ಕಳಿಸುತ್ತಾರೆ.

ಇದಕ್ಕೆ ನಾನು ಕೇಳುವುದು ಒಂದು ಎಲೆಯ ಫೋಟೋ. ಬರೀ ಹೂವಿನ ಫೋಟೋ ಸಾಲದು. ಟಬೂಬಿಯಾದ ಎಲೆ ಅಂಗೈಯಿಂದ ಬೆರಳು ಹೊರಟಂತೆ, ಒಂದೇ ತೊಟ್ಟಿನ ತುದಿಯಿಂದ ಸಾಮಾನ್ಯವಾಗಿ ಐದು ಎಸಳಾಗಿ ಹರಡಿರುತ್ತದೆ. ಕ್ಯಾಸಿಯಾದ್ದು ಹಾಗಲ್ಲ, ಒಂದು ದಂಟಿನ ಎರಡೂ ಕಡೆ ಜೋಡಿ ಜೋಡಿ. ಒಂದು ಸಲ ನೋಡಿದರೆ ಮತ್ತೆ ಮರೆಯಲ್ಲ. ಮರದಲ್ಲಿ ಎಲೆಯೇ ಇಲ್ಲ ಅಂದರೆ ಬುಡದಲ್ಲಿ ಬಿದ್ದಿರುವ ಒಣಗಿದ ಎಲೆ ಆದರೂ ಸಾಕು. ಹಳೇ ಕಾಯಿ ಸಿಕ್ಕರೆ ಇನ್ನೂ ಒಳ್ಳೆಯದು. ಜಕರಂಡಾದ ಕಾಯಿ ಚಪ್ಪಟೆ, ದುಂಡಗೆ, ಅಂಗೈಯೊಳಗೆ ಕೂರುವಷ್ಟು. ಗುಲ್ಮೊಹರ್‌ನದ್ದು ಎರಡು ಅಡಿಯವರೆಗೂ ಉದ್ದ ಬೆಳೆಯುತ್ತದೆ. ಮಕ್ಕಳು ಅದರಲ್ಲಿ ಕತ್ತಿವರಸೆ ಆಡುತ್ತಾರಲ್ಲ, ಅದೇ.

ಆಮೇಲೆ ಆಫೀಸಿಗೆ ಹೊರಡಬೇಕು. ಜಯನಗರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತುತ್ತೇನೆ. ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಅಲ್ಲಿಯ ತನಕ ರೈಲು ಮೇಲೆ ಓಡುತ್ತದೆ. ಆಮೇಲೆ ಕೆ.ಆರ್. ಮಾರುಕಟ್ಟೆಗೆ ಹೋಗುವಾಗ ನೆಲದೊಳಗೆ ಇಳಿಯುತ್ತದೆ. ಆ ಮೇಲಿನ ದಾರಿ ನನಗೆ ತುಂಬ ಇಷ್ಟ. ಮರದ ನೆತ್ತಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಮಳೆಮರದಂಥದ್ದು ಹೂ ಬಿಡುವುದು ನೆತ್ತಿಯ ಮೇಲೆ. ಕೆಳಗೆ ನಿಂತವರಿಗೆ ಉದುರಿದ್ದು ಮಾತ್ರ ಕಾಣುತ್ತದೆ, ಮೆಟ್ರೋದಲ್ಲಿ ಬಾಗಿಲ ಹತ್ತಿರ ನಿಂತವರಿಗೆ ಮರದ ಮೇಲಿನದ್ದೇ ಕಾಣುತ್ತದೆ. ಆದರೆ ಓಡುವ ರೈಲಿನಿಂದ ಕಂಡಿದ್ದನ್ನು ದಾಖಲೆಗೆ ಹಾಕುವುದಿಲ್ಲ. ಗುರುತು ಹಾಕಿಕೊಂಡು ಆ ಕಡೆ ಇರುವ ಯಾರಿಗಾದರೂ 'ಸ್ವಲ್ಪ ಹೋಗಿ ನೋಡ್ತೀರಾ' ಅಂತ ಹೇಳುತ್ತೇನೆ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬರಹ ತಿದ್ದುವ ಕೆಲಸ. ಇದನ್ನು ಒಂದು ಉದಾಹರಣೆಯಿಂದಲೇ ಹೇಳಬೇಕು. ಜಯನಗರದ ಒಬ್ಬರು ಕಳಿಸಿದ್ದ ಪತ್ರ ಹೀಗೆ ಶುರುವಾಗುತ್ತಿತ್ತು: 'ವಸಂತ ದೇವತೆ ಧರೆಗಿಳಿದು ಗುಲಾಬಿ ಸೆರಗು ಹಾಸಿದಂತೆ ನಮ್ಮ ರಸ್ತೆ ಕಂಗೊಳಿಸುತ್ತಿದೆ.' ಹೀಗೇ ಒಂದು ಪುಟ. ಅವರಿಗೆ ಆದ ಸಂತೋಷ ನಿಜ, ಅದನ್ನು ನಾನು ಹೊಡೆದು ಹಾಕುವುದಿಲ್ಲ. ಆದರೆ ಪತ್ರದ ಕಟ್ಟಕಡೆಯಲ್ಲಿ ಒಂದು ಸಾಲು ಇತ್ತು: ಮರದ ಕೆಳಗೆ ಗಾಡಿ ನಿಲ್ಲಿಸುವ ಹಣ್ಣಿನವರು, ಹೋದ ವಾರ ರಾತ್ರಿ ನಾಲ್ಕು ಹನಿ ಬಿದ್ದಿತ್ತು, ಅದಾದಮೇಲೆ ಎರಡೇ ದಿನಕ್ಕೆ ಅರಳಿತು ಅಂದರಂತೆ.

ನೋಡಿ, ಇಡೀ ಪತ್ರದಲ್ಲಿ ಬೆಲೆಬಾಳುವ ಮಾತು ಅದು. ಆ ಮರವನ್ನು ದಿನಾ ಬೆಳಗ್ಗೆಯಿಂದ ಸಂಜೆ ತನಕ ನೋಡುವವರು ಆ ಹಣ್ಣಿನವರು. ಮಳೆ ಬಿದ್ದ ದಿನ ಯಾವುದು ಅಂತ ಕೇಳಿಕೊಂಡು ಬನ್ನಿ ಎಂದು ಪತ್ರ ಬರೆದವರನ್ನು ಮತ್ತೆ ಕಳಿಸಿದೆ. ಅವರು ಹೋಗಿ, ಎರಡು ಕೆಜಿ ದ್ರಾಕ್ಷಿ ಕೊಂಡು, ದಿನ ಗೊತ್ತುಮಾಡಿಕೊಂಡು ಬಂದರು. ದಾಖಲೆಯಲ್ಲಿ ಈಗ ಮೊದಲ ಸಾಲು ಬೀದಿ, ತಾರೀಕು, ಮರ. ಎರಡನೆಯದು ಮಳೆ. ಮೂರನೆಯದು ಆ ಮಾಹಿತಿ ಯಾರಿಂದ ಬಂತು ಅನ್ನುವುದು. ವಸಂತ ದೇವತೆಯೂ ಇದ್ದಾಳೆ, ಅದರ ಕೆಳಗೆ. ತಿದ್ದುವುದು ಅಂದರೆ ಕಾಗುಣಿತ ನೋಡುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ನನ್ನ ಪಾಲಿಗೆ ಅದು, ಬರೆದವರಿಗೆ ಮುಖ್ಯ ಅನ್ನಿಸದೆ ಮೂಲೆಗೆ ಬಿದ್ದಿರುವ ಮಾತನ್ನು ಹುಡುಕಿ ಮೇಲೆ ತರುವುದು.

ಕೆಲವನ್ನು ಬೇಕಂತಲೇ ಬಿಡುವುದೂ ಇದೆ. ಶ್ರೀಗಂಧದ ಮರದ ಜಾಗ ನಾವು ಹಾಕುವುದೇ ಇಲ್ಲ. ಬೆಂಗಳೂರಿನಲ್ಲಿ ರಾತ್ರೋರಾತ್ರಿ ಗಂಧದ ಮರ ಕಡಿದು ಒಯ್ದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅದರ ಹೂ ಅರಳಿದ ತಿಂಗಳು ಹಾಕುತ್ತೇವೆ, ಬೀದಿ ಹಾಕುವುದಿಲ್ಲ. ಫೋಟೋದೊಳಗೆ ಅಡಗಿರುವ ಜಾಗದ ವಿವರವನ್ನೂ ತೆಗೆದೇ ಹಾಕುವುದು. ಮನೆ ಕಾಂಪೌಂಡಿನೊಳಗಿನ ಮರ ಆದರೆ ಬಡಾವಣೆಯ ಹೆಸರು ಸಾಕು. ಮನೆ ನಂಬರ್, ಗೇಟಿನ ಮೇಲಿನ ಹೆಸರು, ಕಾರಿನ ನಂಬರ್ ಕಂಡರೆ ಮಸುಕು ಮಾಡುತ್ತೇವೆ. ಫೋಟೋ ತೆಗೆದವರು ಬೇರೆ, ಕಳಿಸಿದವರು ಬೇರೆ ಅಂತಾದರೆ ತೆಗೆದವರ ಒಪ್ಪಿಗೆ ಬರುವ ತನಕ ಕಾಯುವುದು.

ಸಂಜೆ ಫೋನಿನ ಹೊತ್ತು. ಮಲ್ಲೇಶ್ವರದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ತಮ್ಮ ಮನೆ ಎದುರಿನ ಹೊಂಗೆ ಮರವನ್ನು ವಾರಕ್ಕೊಮ್ಮೆ ನೋಡಿ ವರದಿ ಕೊಡುತ್ತಾರೆ. ಅವರಿಗೆ ಟೈಪ್ ಮಾಡುವುದು ಕಷ್ಟ, ಆದ್ದರಿಂದ ನಾನೇ ಫೋನ್ ಮಾಡಿ ಬರೆದುಕೊಳ್ಳುತ್ತೇನೆ.

'ಮೇಷ್ಟ್ರೇ, ಹೇಗಿದೆ ಮರ?'

'ಎಲೆ ಎಲ್ಲಾ ಉದುರಿದೆ ಕಣಪ್ಪಾ. ತುದೀಲಿ ಚಿಗುರು ಕಾಣಿಸ್ತಿದೆ. ಹೂವಿಲ್ಲ, ಮೊಗ್ಗೂ ಇಲ್ಲ. ಇದನ್ನ ಬರ್ಕೊಳ್ತೀಯೋ, ಬೇಡ್ವೋ?'

'ಬರ್ಕೊಳ್ತೀನಿ ಸಾರ್. ಅದೇ ಬೇಕಾಗಿರೋದು.'

ನಿಜವಾಗಿಯೂ ಅದೇ ಬೇಕಾಗಿರುವುದು. ಹೂ ಬಿಟ್ಟಾಗ ಊರೆಲ್ಲ ಫೋಟೋ ಕಳಿಸುತ್ತದೆ. ಬಿಡದೇ ಇದ್ದಾಗ ಯಾರೂ ಕಳಿಸುವುದಿಲ್ಲ. ಆದರೆ ಮಾರ್ಚ್ 10ಕ್ಕೆ ಇರಲಿಲ್ಲ, 17ಕ್ಕೆ ಇತ್ತು ಅಂತ ಎರಡೂ ಗೊತ್ತಿದ್ದರೆ ಮಾತ್ರ ಅದು ಶುರುವಾಗಿದ್ದು ಆ ವಾರದಲ್ಲಿ ಅಂತ ಧೈರ್ಯವಾಗಿ ಹೇಳಬಹುದು. 17ರ ಫೋಟೋ ಒಂದೇ ಇದ್ದರೆ, ಅದು ಅವತ್ತೇ ಅರಳಿದ್ದೋ, ಅರಳಿ ಹದಿನೈದು ದಿನ ಆಗಿತ್ತೋ ಹೇಳೋಕಾಗಲ್ಲ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ. ದೇಶದ ಬೇರೆ ಬೇರೆ ಕಡೆ ಶಾಲೆಯ ಮಕ್ಕಳೂ ಅದರಲ್ಲಿ ಇದ್ದಾರೆ. ಅವರಿಗೂ ಹೇಳಿಕೊಡುವುದು ಇದನ್ನೇ: ಒಂದು ಮರ ಆರಿಸಿಕೋ, ಅದೇ ಮರವನ್ನು ವಾರವಾರ ನೋಡು, ಏನೂ ಇಲ್ಲದಿದ್ದರೆ ಇಲ್ಲ ಅಂತ ಬರೆ. ನಾವೂ ಮೂರೇ ಮಾತು ಇಟ್ಟುಕೊಂಡಿದ್ದೇವೆ. ಇಲ್ಲ, ಸ್ವಲ್ಪ, ತುಂಬ. ಮೇಷ್ಟ್ರ 'ಇಲ್ಲ'ಗಳು ನಮ್ಮ ಹತ್ತಿರ ಇರುವ ಅತ್ಯಂತ ಒಳ್ಳೆಯ ದಾಖಲೆಗಳಲ್ಲಿ ಸೇರಿವೆ.

(ಇಲ್ಲಿ ಸಭೆಯಲ್ಲಿದ್ದ ಒಬ್ಬ ಯುವತಿ ಕೇಳಿದರು: ಈಗ ಫೋನ್ ಹಿಡಿದರೆ ಆ್ಯಪ್‌ಗಳೇ ಮರದ ಹೆಸರು ಹೇಳುತ್ತವೆ. ಸಂಪಾದಕರು ಇನ್ನೂ ಯಾಕೆ ಬೇಕು?)

ಒಳ್ಳೆ ಪ್ರಶ್ನೆ ಕೇಳಿದೆಯಮ್ಮಾ. ಆ್ಯಪ್ ನಾನೂ ಬಳಸುತ್ತೇನೆ, ಹೆಸರು ಹುಡುಕಲು ತುಂಬ ಸಹಾಯ. ಕಂಡ ಗಿಡ, ಪ್ರಾಣಿಗಳ ಫೋಟೋ ಜನ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್‌ನಂಥ ಕಡೆ ಆ್ಯಪ್ ಬರೀ ಊಹೆ ಕೊಡುತ್ತದೆ, ಅದು ಸರಿಯೋ ಇಲ್ಲವೋ ಅಂತ ಬೇರೆ ಜನ ನೋಡಿ ಹೇಳುತ್ತಾರೆ. ಅಲ್ಲೂ ಮನುಷ್ಯರು ಇದ್ದೇ ಇದ್ದಾರೆ. ಇನ್ನು ಹಣ್ಣಿನವರನ್ನು ಹೋಗಿ ಕೇಳು ಅಂತ ಆ್ಯಪ್ ಹೇಳುವುದಿಲ್ಲ. ಮೇಷ್ಟ್ರಿಗೆ ಫೋನ್ ಮಾಡುವುದಿಲ್ಲ. ಫಾರ್ವರ್ಡ್ ಆಗಿ ಬಂದ ಹಳೇ ಫೋಟೋಗೂ ಅದು ಸರಿಯಾದ ಹೆಸರನ್ನೇ ಹೇಳುತ್ತದೆ. ಹೆಸರು ಸರಿ, ತಾರೀಕು ತಪ್ಪು. ನಮಗೆ ಅದರಿಂದ ಪ್ರಯೋಜನ ಇಲ್ಲ.

ರಾತ್ರಿಯ ಕೆಲಸ ಕಂಪ್ಯೂಟರಿನದು. ಬೇಗ ಹೇಳಿ ಮುಗಿಸುತ್ತೇನೆ, ಆದರೆ ಒಂದು ವಿಷಯ ಕನ್ನಡದಲ್ಲಿ ಟೈಪ್ ಮಾಡುವ ಎಲ್ಲರಿಗೂ ಬೇಕಾದದ್ದು. 'ಸಂಪಿಗೆ' ಅಂತ ನಮ್ಮಲ್ಲೇ ಹುಡುಕಿದರೆ ಕೆಲವು ಸಂಪಿಗೆ ಸಿಗುವುದೇ ಇಲ್ಲ. ಕಣ್ಣಿಗೆ ಎಲ್ಲ ಸರಿಯಾಗೇ ಇರುತ್ತದೆ. ಹುಡುಕಿ ನೋಡಿದರೆ, ಸೊನ್ನೆ ಅಕ್ಷರ ಬರಬೇಕಾದ ಜಾಗದಲ್ಲಿ ಬರೆದವರು ಅಂಕಿಯ ಸೊನ್ನೆ ಹಾಕಿರುತ್ತಾರೆ. ಎರಡೂ ದುಂಡಗೆ ಇರುತ್ತವೆ, ನಮಗೆ ವ್ಯತ್ಯಾಸ ಕಾಣುವುದಿಲ್ಲ. ಕಂಪ್ಯೂಟರಿಗೆ ಒಂದು ಅಕ್ಷರ, ಇನ್ನೊಂದು ಅಂಕಿ. ಹಾಗಾಗಿ ಆ ದಾಖಲೆ ಇದ್ದೂ ಇಲ್ಲದಂತೆ. ಬೆಂಗಳೂರು ಅನ್ನುವುದರಲ್ಲೂ ಇದೇ ಕಥೆ. ದಿನಾ ರಾತ್ರಿ ಹೊಸ ಬರಹಗಳಲ್ಲಿ ಇದನ್ನು ಹುಡುಕಿ ಬದಲಿಸುತ್ತೇನೆ. 'ನುಡಿ' ಎನ್ನುವ ಕನ್ನಡ ತಂತ್ರಾಂಶದ ಹಳೇ ಅಕ್ಷರದಲ್ಲಿ ಬಂದ ಬರಹಗಳಿದ್ದರೆ ಅವನ್ನು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಸರಿಯಾಗಿ ಬಂದಿದೆಯಾ ಅಂತ ಒಂದೊಂದೇ ಸಾಲು ಓದುತ್ತೇನೆ.

ಕೊನೆಗೆ ಪ್ರತಿ ತೆಗೆದಿಡುವುದು. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಜಿಯೊಸಿಟೀಸ್ ಅಂತ ಇತ್ತು, ಯಾರು ಬೇಕಾದರೂ ತಮ್ಮದೇ ವೆಬ್ ಪುಟ ಮಾಡಿಕೊಳ್ಳಬಹುದಾಗಿದ್ದ ಜಾಗ, 1994ರಲ್ಲಿ ಶುರುವಾಗಿದ್ದು. ಜಗತ್ತಿನ ಲಕ್ಷಾಂತರ ಹವ್ಯಾಸಿಗಳು ಅಲ್ಲಿ ತಮ್ಮ ಸ್ಟಾಂಪು, ರೈಲು, ಬೆಕ್ಕು, ತೋಟ, ಎಲ್ಲದರ ಬಗ್ಗೆ ಬರೆದಿಟ್ಟಿದ್ದರು. 2009ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಿದರು. ಕೆಲವು ಸ್ವಯಂಸೇವಕರು ಹಗಲೂ ರಾತ್ರಿ ಕೂತು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಕೊಂಡರು. ಸಿಗದ್ದು ಹೋಯಿತು. ಮಾರ್ಶಮ್ ಮನೆಯವರ ಪುಸ್ತಕ ಇನ್ನೂರು ವರ್ಷ ದಾಟಿತು, ಇದು ಹದಿನೈದು ವರ್ಷ. ಅದಕ್ಕೇ ನಮ್ಮ ಇಡೀ ದಾಖಲೆಯನ್ನು ಬರೀ ಪಠ್ಯದ ಫೈಲಾಗಿ, ಯಾವ ವಿಶೇಷ ಸಾಫ್ಟ್‌ವೇರ್ ಇಲ್ಲದಿದ್ದರೂ ತೆರೆದು ಓದಬಹುದಾದ ಹಾಗೆ, ಬೇರೆ ಬೇರೆ ಮೂರು ಮನೆಗಳಲ್ಲಿ ಇಟ್ಟಿದ್ದೇವೆ. ವರ್ಷಕ್ಕೊಮ್ಮೆ ಕಾಗದದ ಮೇಲೂ ಮುದ್ರಿಸುತ್ತೇವೆ. ಡೊಮೇನ್ ಹೆಸರಿನ, ಅಂದರೆ ವೆಬ್‌ಸೈಟ್ ವಿಳಾಸದ, ಬಾಡಿಗೆ ಕಟ್ಟುವ ದಿನ ಮೂವರ ಫೋನಿನಲ್ಲೂ ಗುರುತಾಗಿದೆ. ನಾನಿಲ್ಲದಿದ್ದರೂ ನಡೆಯಬೇಕು. ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇರುವ ಹವ್ಯಾಸದ ವೆಬ್‌ಸೈಟುಗಳು ಎಷ್ಟೋ ಇವೆ. ಇಲ್ಲಿ ಅಂಥವರು ಯಾರಾದರೂ ಇದ್ದರೆ, ದಯವಿಟ್ಟು ಇವತ್ತೇ ಮನೆಗೆ ಹೋಗಿ ಇನ್ನೊಬ್ಬರಿಗೆ ಬರೆದುಕೊಡಿ.

ಈಗ ನನ್ನ ಕೋರಿಕೆ. ಜಯನಗರ, ಬಸವನಗುಡಿ, ಮಲ್ಲೇಶ್ವರ, ಕಬ್ಬನ್ ಪಾರ್ಕ್, ಈ ಕಡೆಯಿಂದ ನಮಗೆ ಬೇಕಾದಷ್ಟು ಬರುತ್ತದೆ. ಯಲಹಂಕ, ಕೆಂಗೇರಿ, ವೈಟ್‌ಫೀಲ್ಡ್ ಕಡೆಯಿಂದ ಬರುವುದು ತುಂಬ ಕಡಿಮೆ. ಹಾಗಂತ ಅಲ್ಲಿ ಮರ ಇಲ್ಲ ಅಂತಲ್ಲ, ಬರೆಯುವವರಿಲ್ಲ. ಆ ಕಡೆಯವರು ನಿಮ್ಮ ಬೀದಿಯ ಒಂದೇ ಒಂದು ಮರ ಆರಿಸಿಕೊಳ್ಳಿ. ಬೇವಾಗಲಿ, ಹೊಂಗೆಯಾಗಲಿ, ಆಕಾಶಮಲ್ಲಿಗೆಯಾಗಲಿ. ಹೆಸರು ಗೊತ್ತಿಲ್ಲದಿದ್ದರೆ ಎಲೆಯ ಫೋಟೋ ಕಳಿಸಿ, ಹೇಳುತ್ತೇವೆ. ವಾರಕ್ಕೊಮ್ಮೆ, ಬೇಕಿದ್ದರೆ ಭಾನುವಾರವೇ, ನೋಡಿ ಬರೆಯಿರಿ. ಕೆಂಗೇರಿ ಉಪನಗರದವರು ಯಾರಾದರೂ ಬಂದಿದ್ದರೆ ಹೊರಡುವ ಮೊದಲು ನನ್ನ ಹತ್ತಿರ ಬನ್ನಿ. ಅಲ್ಲಿ ಒಂದು ರಸ್ತೆಯ ಆಕಾಶಮಲ್ಲಿಗೆ ಸಾಲಿನ ಬಗ್ಗೆ ಹೋದ ಅಕ್ಟೋಬರಿನಲ್ಲಿ ಒಬ್ಬರು ಬರೆದಿದ್ದರು. ಅವರು ಈಗ ಊರು ಬಿಟ್ಟಿದ್ದಾರೆ. ಈ ಅಕ್ಟೋಬರಿನಲ್ಲಿ ಅದನ್ನು ನೋಡುವವರು ಬೇಕು.